ಗ್ರಹಣದ ವರ್ಷದ ಏಳು ತಗಡು

ಎದುರಿಗೆ ಗಾಜಿನ ಕಟ್ಟಡ ಎದ್ದ ಮೇಲೆ ನಮ್ಮ ಮನೆಗೆ ದಿನಕ್ಕೆ ಎರಡು ಸಲ ಬಿಸಿಲು ಬರುತ್ತೆ. ಬೆಳಿಗ್ಗೆ ಸೂರ್ಯನದು, ಸಾಯಂಕಾಲ ಆ ಗಾಜಿನದು. ಮೊನ್ನೆ ಆ ಗಾಜಿನ ಬೆಳಕು ನನ್ನ ಮಂಚದ ಮೇಲಿನ ಗೋಡೆಗೆ ಬಿದ್ದಿತ್ತು. ಮೊಮ್ಮಗಳು ಪರದೆ ಎಳೆಯೋಕೆ ಬಂದಳು.

"ಕಣ್ಣಿಗೆ ಹೊಡೀತಿಲ್ವಾ ಅಜ್ಜಿ?"

"ಹೊಡೀಲಿ ಬಿಡು. ನಡುಗ್ತಾ ಇಲ್ವಲ್ಲ" ಅಂದೆ.

ಅಜ್ಜಿಗೆ ಅರಳುಮರಳು ಅಂದುಕೊಂಡು ಹೋದಳು. ಅವಳ ತಪ್ಪಲ್ಲ, ನಾನು ಯಾವತ್ತೂ ಹೇಳಿಲ್ಲ. ಅದಕ್ಕೇ ಬರೀತಿದ್ದೀನಿ. ನನ್ನನ್ನು ಮೂರನೇ ಕ್ಲಾಸಿಗೇ ಬಿಡಿಸಿ ಎಮ್ಮೆ ಹಿಂದೆ ಕಳಿಸಿದರು, ಆದ್ದರಿಂದ ಇದ್ದದ್ದು ಇದ್ದ ಹಾಗೆ ಬರೀತೀನಿ, ಬಣ್ಣ ಹಚ್ಚೋಕೆ ಬರಲ್ಲ.

ನಾನು ಸಾರಕ್ಕಿಗೆ ಸೊಸೆಯಾಗಿ ಬಂದಾಗ ಇದು ಊರು. ಕೆರೆ, ಕೆರೆ ಕೆಳಗೆ ಗದ್ದೆ, ಈಚೆ ಕಡೆ ರಾಗಿ ಹೊಲ, ತರಕಾರಿ ಮಡಿ. ಆಚೆ ಜಯನಗರದ ಸೈಟಿಗೆ ಕಲ್ಲು ನೆಡ್ತಿದ್ದರು. ನಮ್ಮ ಹೊಲದಲ್ಲಿ ಅರ್ಧ ಆ ಲೇಔಟಿಗೆ ಹೋಯ್ತು. ಹೊಲ ಹೋದ ಮೇಲೆ ಎತ್ತು ಯಾಕೆ ಅಂತ ಮಾರಿದರು. ಎತ್ತು ಹೋದ ಮೇಲೆ ಹಿತ್ತಲ ಕೊಟ್ಟಿಗೆ ಖಾಲಿ ಬಿತ್ತು. ಆ ಕೊಟ್ಟಿಗೆಗೆ ಬಾಡಿಗೆಗೆ ಬಂದವರು ಚಿತ್ರದ ಮೇಷ್ಟ್ರು.

ಹೆಸರು ಗುರುಪಾದಪ್ಪ. ಧಾರವಾಡದ ಕಡೆಯವರು. ಯಾವುದೋ ಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡ್ತಿದ್ದರಂತೆ, ಬಿಟ್ಟಿದ್ದರು. ಸಣಕಲು ಆಳು, ಕನ್ನಡಕ, ಮದುವೆ ಇಲ್ಲ. ಕೊಟ್ಟಿಗೆ ಬಾಗಿಲಲ್ಲಿ ನಿಂತು ಕೆರೆ ಕಡೆ ನೋಡಿ, "ಇಲ್ಲಿ ಬೆಳಕು ಭಾಳ ಛಲೋ ಬರ್ತದರೀ. ನನಗ ಇಷ್ಟ ಸಾಕು" ಅಂದರು. ಒಳಗೆ ಸಗಣಿ ವಾಸನೆ ಹೋಗಿರಲಿಲ್ಲ, ಅದನ್ನ ಕೇಳಲೇ ಇಲ್ಲ.

ನಮ್ಮತ್ತೆ ಪಿಳ್ಳಮ್ಮ ನನ್ನ ಕಿವಿಯಲ್ಲಿ, "ಬೆಳಕಿಗೆ ಬಾಡಿಗೆ ಕೊಡೋನ್ನ ಇವತ್ತೇ ಕಣೇ ನೋಡಿದ್ದು" ಅಂದಳು.

ಚಿತ್ರ ಅಂದ್ರೆ ದೇವರ ಪಟ ಬರೀತಾರೆ ಅಂದುಕೊಂಡಿದ್ವಿ. ಊರಿನವರು ಇಬ್ಬರು ಮೂವರು ಆಗಲೇ ಮುನೇಶ್ವರನ ಪಟ ಹೇಳಿಟ್ಟಿದ್ದರು. ಮೇಷ್ಟ್ರು ಕಾಗದ ತರಲಿಲ್ಲ, ಬಟ್ಟೆ ತರಲಿಲ್ಲ. ಸಿಟಿಯಿಂದ ಒಂದು ಗಾಡಿಯಲ್ಲಿ ತಾಮ್ರದ ತಗಡು, ಹಿತ್ತಾಳೆ ತಗಡು ಹೇರಿಕೊಂಡು ಬಂದರು. ಒಂದೊಂದೂ ಬಾಗಿಲಿನ ಅರ್ಧದಷ್ಟು. ಅದನ್ನ ಸಣ್ಣ ಸುತ್ತಿಗೆಯಲ್ಲಿ ಟಕ್ ಟಕ್ ಅಂತ ಬಡಿಯೋರು. ಒಂದು ಕಡೆ ಹರಳೆಣ್ಣೆ ದೀಪ ಹಿಡಿದು ಮಸಿ ಕಟ್ಟಿಸೋರು. ಇನ್ನೊಂದು ಕಡೆ ಅರಗು ಕಾಯಿಸಿ ಎಳೆಯೋರು, ಅದರ ಮೇಲೆ ಕಾಗೆಬಂಗಾರ ಪುಡಿ ಮಾಡಿ ಉದುರಿಸೋರು. ಉಳಿದ ಕಡೆ ನಮ್ಮ ಮನೆಯಿಂದಲೇ ಹುಳಿ ಮಜ್ಜಿಗೆ ಇಸಕೊಂಡು, ಉಪ್ಪು ಹಾಕಿ, ಬಟ್ಟೆ ಅದ್ದಿ ಹೊದಿಸಿ ಇಡೋರು. ವಾರ ಬಿಟ್ಟು ತೆಗೆದರೆ ಹಸಿರು, ನೀಲಿ, ಎಲ್ಲಾ ಥರದ ಕಿಲುಬು.

ನಮ್ಮತ್ತೆಗೆ ಇದು ತಡೆಯೋಕಾಗಲಿಲ್ಲ. ಅವಳ ಜೀವಮಾನವೇ ಕಿಲುಬಿನ ಮೇಲೆ ಯುದ್ಧ. ಅವಳ ಹಂಡೆ, ಅವಳ ಚೊಂಬು ಊರಿಗೇ ಹೆಸರು. ಮುಖ ನೋಡಿಕೊಳ್ಳಬಹುದು. ಅವಳು ಕೊಟ್ಟಿಗೆ ಬಾಗಿಲಲ್ಲಿ ಸೊಂಟಕ್ಕೆ ಕೈ ಇಟ್ಟು, "ಏನ್ ಮೇಷ್ಟ್ರೇ, ದುಡ್ಡು ಕೊಟ್ಟು ಹೊಸ ತಗಡು ತಂದು ಕಿಲುಬು ಹತ್ತಿಸ್ತೀರಲ್ಲ, ನಿಮ್ಮನ್ನ ಹೆತ್ತೋಳು ನೋಡಿದ್ರೆ ಏನನ್ನೋಳು?" ಅಂದಳು.

"ಅಕಿನೂ ಹಿಂಗ ಬೈತಿದ್ಲು ಬಿಡ್ರಿ ಅವ್ವಾ" ಅಂದು ನಕ್ಕರು ಮೇಷ್ಟ್ರು.

ಆ ತಗಡುಗಳಲ್ಲಿ ಮರ ಇಲ್ಲ, ಮನುಷ್ಯ ಇಲ್ಲ, ದೇವರಿಲ್ಲ. ಅವರು ಏನು ಮಾಡ್ತಿದ್ದಾರೆ ಅಂತ ನನಗೆ ಅರ್ಥ ಆಗಲಿಲ್ಲ, ಇವತ್ತಿಗೂ ಆಗಿಲ್ಲ. ಆದರೆ ಒಂದು ತಗಡು ಬೆಳಿಗ್ಗೆ ಮಂಜು ಬಿದ್ದ ಕೆರೆ ಹಾಗಿರೋದು. ಮಧ್ಯಾಹ್ನ ನೋಡಿದರೆ ಅಲ್ಲಿ ಏನೂ ಇಲ್ಲ, ಬರೀ ತಗಡು. ಹೊತ್ತು ಇಳಿಯೋವಾಗ ಒಳಗಿಂದ ಕೆಂಡ ಕಂಡ ಹಾಗೆ ಕೆಂಪು ಮೇಲೆ ಬರೋದು. ನಾವು ಒಂದು ಹೆಜ್ಜೆ ಸರಿದರೆ ಅದೂ ಸರಿಯೋದು. ನೀರು ತರೋಕೆ ಅಂತ ಹೋಗಿ ಅದನ್ನ ನೋಡ್ತಾ ನಿಂತು ಒಲೆ ಮೇಲಿನ ಎಸರು ಉಕ್ಕಿಸಿ ಬೈಸಿಕೊಂಡಿದ್ದೀನಿ. ಒಂದು ವರ್ಷಕ್ಕೂ ಮೇಲೆ ಕೂತು ಅಂಥವು ಏಳು ಮಾಡಿದ್ದರು. ದಸರಾ ಆದ ವಾರ ಮದ್ರಾಸಿನಲ್ಲಿ ದೊಡ್ಡ ಪ್ರದರ್ಶನ, ಅಲ್ಲಿಗೆ ರೈಲಿನಲ್ಲಿ ಒಯ್ಯಬೇಕು ಅಂತಿದ್ದರು. ಅದು ಅವರಿಗೆ ಎಷ್ಟು ಮುಖ್ಯ ಅಂತ ಕೇಳಬೇಕಾಗಿರಲಿಲ್ಲ. ಊಟಕ್ಕೆ ಕರೆದರೆ ಬರ್ತಿರಲಿಲ್ಲ, ಮದ್ರಾಸು ಅಂದರೆ ಎದ್ದು ಕೂರೋರು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ನಾನು ಮತ್ತೆ ಬಸುರಿ ಆದೆ.

ಮತ್ತೆ ಅಂದೆ. ಅದಕ್ಕೆ ಮುಂಚೆ ಎರಡು ಹೋಗಿದ್ದವು. ಮೊದಲನೆಯದು ಐದು ತಿಂಗಳಿಗೇ ಜಾರಿತು. ಎರಡನೆಯದು ಹುಟ್ಟಿತು, ಅಳಲಿಲ್ಲ. ಅದರ ವಿಷಯ ಇಷ್ಟೇ ಸಾಕು. ಮೂರನೆಯದೂ ನಿಲ್ಲದಿದ್ದರೆ ಏನು ಅನ್ನೋದು ಊರಿಗೆಲ್ಲ ಗೊತ್ತಿತ್ತು. ಚಿಕ್ಕಲಸಂದ್ರದಲ್ಲಿ ನಮ್ಮತ್ತೆಯ ದೂರದ ತಮ್ಮನಿಗೆ ಮದುವೆಗೆ ಬಂದ ಮಗಳೊಬ್ಬಳಿದ್ದಳು. ಆ ತಮ್ಮ ಯಾವ ಕೆಲಸವೂ ಇಲ್ಲದೆ ನಮ್ಮ ಮನೆಗೆ ಬಂದು ಮಜ್ಜಿಗೆ ಕುಡಿದು ಹೋಗ್ತಿದ್ದ. ನನ್ನ ಹೊಟ್ಟೆ ಕಡೆ ನೋಡಿಯೇ ಹೋಗ್ತಿದ್ದ. ನನಗೆ ತವರಲ್ಲಿ ಅಮ್ಮ ಇರಲಿಲ್ಲ. ಹೋಗ್ತೀನಿ ಅಂದರೂ ಹೋಗೋಕೆ ಜಾಗ ಇರಲಿಲ್ಲ.

ಹೀಗಿರೋವಾಗ ಗ್ರಹಣ ಬಂತು. ಸೂರ್ಯಗ್ರಹಣ, ಬೆಳಿಗ್ಗೆ ಹೊತ್ತಿನಲ್ಲಿ. ಬಸುರಿ ಹೆಂಗಸು ಗ್ರಹಣದ ಬೆಳಕು ನೋಡಿದರೆ ಮಗುವಿನ ತುಟಿ ಸೀಳುತ್ತೆ ಅಂತ ನಮ್ಮಲ್ಲಿ ನಂಬಿಕೆ. ಮೊಮ್ಮಗಳು ನಗ್ತಾಳೆ. ಎರಡು ಕಳೆದುಕೊಂಡ ಮನೆಯಲ್ಲಿ ಯಾರೂ ನಗ್ತಿರಲಿಲ್ಲ.

ಹಿಂದಿನ ದಿನವೇ ನಮ್ಮತ್ತೆ ಮೇಷ್ಟ್ರಿಗೆ ಹೇಳಿದಳು. "ನಾಳೆ ಆ ನಿಮ್ಮ ತಗಡು ಒಂದೂ ಆಚೆ ಇರಕೂಡದು. ಗೋಡೆಗೆ ಮುಖ ಮಾಡಿ ಒಳಗಿಡಿ. ನಮ್ಮ ಹುಡುಗಿ ಬಸುರಿ."

"ಆಯ್ತ್ರೀ ಅವ್ವಾ, ಇಡ್ತೀನಿ" ಅಂದರು.

ಬೆಳಿಗ್ಗೆ ನನ್ನನ್ನ ನಡುಮನೆ ಪಕ್ಕದ ಕೋಣೆಗೆ ಹಾಕಿದರು. ಕಿಟಕಿಗೆ ಗೋಣಿಚೀಲ ತುರುಕಿದರು. ಬಾಗಿಲ ಸಂದಿಗೆ ಹಳೆ ಸೀರೆ. ನೆಟ್ಟಗೆ ಮಲಗಬೇಕು. ಕೈಕಾಲು ಮಡಿಸಬಾರದು, ಮೈ ತುರಿಸಿಕೊಳ್ಳಬಾರದು, ಏನೂ ಮುರಿಯಬಾರದು, ಹರಿಯಬಾರದು. ಗೋಡೆ ಮೇಲೆ, ಸೂರಿನ ಕೆಳಗೆ, ಹೊಗೆ ಹೋಗೋಕೆ ಒಂದು ಸಣ್ಣ ಬೆಳಕಿಂಡಿ ಇತ್ತು. ಅದು ಅಷ್ಟು ಮೇಲೆ ಅಂತ ಬಿಟ್ಟಿದ್ದರು.

ಆಚೆ ಅಂಗಳದಲ್ಲಿ ನಮ್ಮತ್ತೆ ಹಿತ್ತಾಳೆ ಹರಿವಾಣಕ್ಕೆ ನೀರು ತುಂಬಿ ಒನಕೆ ನಿಲ್ಲಿಸಿದಳು. ಗ್ರಹಣ ಹಿಡಿದಿರೋ ಹೊತ್ತು ಒನಕೆ ಯಾರೂ ಹಿಡಿಯದೆ ನೀರಲ್ಲಿ ನೆಟ್ಟಗೆ ನಿಲ್ಲುತ್ತೆ, ಬಿಟ್ಟಾಗ ಬೀಳುತ್ತೆ ಅಂತಾರೆ. ಊರಿನ ಹೆಂಗಸರು ನೋಡೋಕೆ ಬಂದಿದ್ದರು. "ನಿಂತ್ಕೊಂತು ನಿಂತ್ಕೊಂತು" ಅಂತ ಕೂಗಿದ್ದು ಒಳಗೆ ಕೇಳಿಸಿತು.

ಆಮೇಲೆ ಕತ್ತಲು ಬಂತು. ಪೂರ್ತಿ ಕತ್ತಲಲ್ಲ, ಬೂದಿ ಬಣ್ಣ. ಹಕ್ಕಿಗಳು ಸುಮ್ಮನಾದವು. ಯಾರದೋ ಮನೆ ಹುಂಜ ಇನ್ನೊಂದು ಸಲ ಕೂಗಿತು. ನಾನು ಮೇಲೆ ಜಂತೆ ನೋಡ್ತಾ ಮಲಗಿದ್ದೆ. ಅಷ್ಟರಲ್ಲಿ ಬೆಳಕಿಂಡಿಯಿಂದ ಒಂದು ಬೆಳಕು ಬಂದು ನನ್ನ ಮೇಲಿನ ಜಂತೆಗೆ ಬಿತ್ತು. ಅಂಗೈ ಎರಡರಷ್ಟು. ಸುಮ್ಮನೆ ಇರಲಿಲ್ಲ, ನಡುಗ್ತಾ ಇತ್ತು, ಜ್ವರ ಬಂದೋರ ಹಾಗೆ. ಅದರ ನಡುವೆ ಒಂದು ಕಪ್ಪು ಗೆರೆ. ಕಣ್ಣು ಮುಚ್ಚಬೇಕಿತ್ತು. ಭಯಕ್ಕೆ ಕಣ್ಣು ಮುಚ್ಚೋಕೂ ಆಗಲ್ಲ ಅಂತ ಅವತ್ತೇ ಗೊತ್ತಾಗಿದ್ದು.

"ಅತ್ತೇ, ಬೆಳಕು!" ಅಂತ ಕಿರುಚಿದೆ.

ನಮ್ಮತ್ತೆ ಬಾಗಿಲು ತಳ್ಳಿ ಬಂದು ಮೇಲೆ ನೋಡಿದಳು. ಒಂದೇ ನೋಟ. ಎದೆ ಹೊಡಕೊಂಡು ಆಚೆ ಓಡಿದಳು. ಆಚೆ ಕೊಟ್ಟಿಗೆ ಮುಂದೆ ಮೇಷ್ಟ್ರು ಏಳು ತಗಡನ್ನೂ ಸಾಲಾಗಿ ನಿಲ್ಲಿಸಿಕೊಂಡು, ಆ ಬೂದಿ ಬೆಳಕು ಅದರ ಮೇಲೆ ಹೇಗೆ ಬೀಳುತ್ತೆ ಅಂತ ನೋಡ್ತಾ ಕುಕ್ಕರಗಾಲಲ್ಲಿ ಕೂತಿದ್ದರಂತೆ. ಹಿಂದಿನ ದಿನ ಒಳಗಿಡ್ತೀನಿ ಅಂದವರು, ಗ್ರಹಣ ಹಿಡಿಯೋ ಹೊತ್ತಿಗೆ ತಡೆಯೋಕಾಗದೆ ತಂದಿಟ್ಟಿದ್ದರು.

ನಾನು ಒಳಗಿದ್ದವಳು. ನನಗೆ ಕೇಳಿಸಿದ್ದು ಇಷ್ಟು. ನಮ್ಮತ್ತೆ ಓಡಿದ ಸದ್ದು, ಢಣಾರ್ ಅಂತ ಹರಿವಾಣ ಮಗುಚಿದ ಸದ್ದು, ಒನಕೆ ಬಿದ್ದ ಸದ್ದು. ಹರಿವಾಣ ಮಗುಚಿದ್ದೂ ಜಂತೆ ಮೇಲಿನ ಬೆಳಕು ಹೋಗಿದ್ದೂ ಒಂದೇ ಸಲಕ್ಕೆ.

ಗ್ರಹಣ ಬಿಡೋದರೊಳಗೆ ಊರು ನಮ್ಮ ಹಿತ್ತಲಲ್ಲಿತ್ತು. ಕೈಯಲ್ಲಿ ದೊಣ್ಣೆ ಇದ್ದವರೂ ಇದ್ದರು. ಮೇಷ್ಟ್ರು ತಗಡಿಗೆ ಅಡ್ಡ ನಿಂತು, "ನೋಡ್ರಿ, ಇವು ಕೆರಿ ಕಡೆ ಮಾರಿ ಮಾಡ್ಯಾವ. ಮನಿ ಇವುಗಳ ಬೆನ್ನಿಗೆ ಐತಿ. ಬೆನ್ನಿನಿಂದ ಬೆಳಕು ಹೆಂಗ ಹೋಗ್ತದ ಹೇಳ್ರಿ" ಅಂತಿದ್ದರು. ಯಾರಿಗೆ ಬೇಕು. ಒಬ್ಬ ಮೊದಲನೇ ತಗಡಿಗೆ ದೊಣ್ಣೆ ಎತ್ತಿದ.

ತಡೆದವಳು ನಮ್ಮತ್ತೆ. "ಮುಟ್ಟಬೇಡ! ಒಡೆದ್ರೆ ದೋಷ ನಮ್ಮನೆಯಲ್ಲೇ ಉಳಿಯುತ್ತೆ. ಹೆರಿಗೆ ಆಗೋತನಕ ಇವು ನನ್ನ ಹತ್ರ ಇರ್ಲಿ. ಮಗು ನೆಟ್ಟಗೆ ಬಂದ್ರೆ ತಗೊಂಡು ಹೋಗ್ಲಿ. ಬರ್ಲಿಲ್ವೋ, ಆವಾಗ ತಗಡೂ ನಿಮ್ಮದು, ಅವನೂ ನಿಮ್ಮದು."

ಏಳು ತಗಡನ್ನೂ ಕಾಳಿನ ಕೋಣೆಗೆ ಹಾಕಿಸಿ ಬೀಗ ಜಡಿದಳು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಾಳಿನ ಕೋಣೆ ನಾನು ಮಲಗೋ ಕೋಣೆಗೆ ಒತ್ತಿಕೊಂಡೇ ಇತ್ತು. ನಡುವೆ ಒಂದು ಮಣ್ಣಿನ ಗೋಡೆ. ಈ ಕಡೆ ನನ್ನ ಹೊಟ್ಟೆ, ಆ ಕಡೆ ಅವರ ತಗಡು.

ಅಲ್ಲಿಂದ ಮೂರು ನಾಲ್ಕು ತಿಂಗಳು ಆ ಮನೆಯಲ್ಲಿ ಯಾರೂ ಸರಿಯಾಗಿ ಉಸಿರಾಡಲಿಲ್ಲ. ಆ ವರ್ಷ ಮಳೆಯೂ ಹಾಗೇ. ಮೋಡ ಕಟ್ಟೋದು, ಗಾಳಿ ಬೀಸೋದು, ಹನಿ ಉದುರಿಸಿ ಹೋಗೋದು. ಬಾಗಿಲು ಬಡಿದುಕೊಂಡರೆ ನಮ್ಮತ್ತೆ ಬೆಚ್ಚೋಳು. ನಾನು ಒದ್ದೆ ನೆಲದ ಮೇಲೆ ಕಾಲಿಟ್ಟರೆ ಬೈಯೋಳು, ಇಡದಿದ್ದರೆ ಸೋಮಾರಿ ಅನ್ನೋಳು. ಊರಿನ ಹೆಂಗಸರು ಬಂದರೆ ನನ್ನ ಮುಖ ನೋಡ್ತಿರಲಿಲ್ಲ, ಹೊಟ್ಟೆ ನೋಡಿ ಲೊಚಗುಟ್ಟೋರು. ಮಗು ಒದೆಯೋದು ನಿಂತ ದಿನ ನಾನು ಯಾರಿಗೂ ಹೇಳದೆ ಬಚ್ಚಲಲ್ಲಿ ಕೂತುಬಿಡ್ತಿದ್ದೆ. ಮತ್ತೆ ಒದ್ದ ಮೇಲೆ ಎದ್ದು ಬರ್ತಿದ್ದೆ.

ಮೇಷ್ಟ್ರು ಎಲ್ಲೂ ಹೋಗಲಿಲ್ಲ. ತಗಡು ಬಿಟ್ಟು ಎಲ್ಲಿಗೆ ಹೋಗ್ತಾರೆ. ಒಂದು ಸಲ ನಮ್ಮ ಯಜಮಾನರ ಹತ್ತಿರ, "ನಾ ಪೊಲೀಸರಿಗೆ ಹೇಳ್ತೀನ್ರಿ" ಅಂದರು.

ನಮ್ಮ ಯಜಮಾನರು ಬುಟ್ಟಿಗೆ ಬದನೆಕಾಯಿ ತುಂಬ್ತಿದ್ದವರು ತಲೆ ಎತ್ತಲಿಲ್ಲ. "ಹೇಳಿ ಸ್ವಾಮಿ. ಪೊಲೀಸ್ನೋರು ಬಂದು ಹೋಗ್ತಾರೆ. ಊರು ಇಲ್ಲೇ ಇರುತ್ತೆ."

ಮೇಷ್ಟ್ರು ಆ ಮಾತು ಬಿಟ್ಟರು. ಖಾಲಿ ಕೊಟ್ಟಿಗೆಯಲ್ಲಿ ಗೋಡೆ ನೋಡ್ತಾ ಕೂರೋರು. ಒಂದು ಸುತ್ತಿಗೆ ಸದ್ದಿಲ್ಲ.

ಬೆಳಕು ನಡುಗಿದ್ದನ್ನ ನಾನು ನಮ್ಮ ಯಜಮಾನರಿಗೆ ಗ್ರಹಣದ ಮಾರನೇ ದಿನವೇ ಹೇಳಿದ್ದೆ. ಹೊಲದಲ್ಲಿ, ಯಾರೂ ಇಲ್ಲದಾಗ. ಹರಿವಾಣ ಮಗುಚಿದ ತಕ್ಷಣ ಹೋಯ್ತು ಅಂತಲೂ ಹೇಳಿದೆ.

ಅವರು ಗುದ್ದಲಿ ನಿಲ್ಲಿಸಿ ನನ್ನ ಮುಖ ನೋಡಿದರು. "ಅಂದ್ರೆ ನಮ್ಮಮ್ಮನ ಹರಿವಾಣದ ನೀರಿಂದ ಅಂತೀಯಾ?"

"ನೋಡಿದ್ದು ಹೇಳ್ತಿದ್ದೀನಿ."

"ಬಾಯಿ ಮುಚ್ಕೊಂಡಿರು. ಅವಳ ಕೈಯಿಂದಲೇ ಆಯ್ತು ಅಂತ ಗೊತ್ತಾದ್ರೆ ಬಾವಿಗೆ ಬೀಳ್ತಾಳೆ. ಮೇಷ್ಟ್ರ ತಗಡು ಮಗು ಆದ ಮೇಲೆ ಹೆಂಗೂ ಸಿಗುತ್ತೆ."

ಸರಿ ಅಂತ ಸುಮ್ಮನಾದೆ. ಆದರೆ ಮೇಷ್ಟ್ರು ದಡ್ಡರಲ್ಲ. ಶ್ರಾವಣದಲ್ಲಿ ಒಂದು ದಿನ ಬಾವಿ ಹತ್ತಿರ ನನಗೆ ಕೊಡ ಎತ್ತಿಕೊಟ್ಟು, "ತಂಗಿ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಅವತ್ತಿನ ಬೆಳಕು ಹೆಂಗಿತ್ತು?" ಅಂದರು.

"ನಡುಗ್ತಿತ್ತು."

"ನಡುಗ್ತಿತ್ತಾ?" ಕನ್ನಡಕ ತೆಗೆದರು. "ನಡುವ ಏನಾರ ಇತ್ತೇನು? ಕೋಲಿನಂಗ?"

"ಇತ್ತು."

ಅವರು ಅಂಗಳದ ಕಡೆ ತಿರುಗಿ, ಒನಕೆ ನಿಲ್ಲಿಸಿದ ಜಾಗ ನೋಡಿ, ಬೆಳಕಿಂಡಿ ನೋಡಿ, ನಕ್ಕುಬಿಟ್ಟರು. ಆಮೇಲೆ ನಗು ಹೋಗಿ ಮುಖ ಬಿಗಿಯಾಯ್ತು. "ತಗಡಿನ ಬೆಳಕು ನಡುಗೂದಿಲ್ಲ, ತಂಗಿ. ನೀರಿಂದು ಅಷ್ಟ ನಡುಗ್ತದ. ನಿನಗ ಗೊತ್ತಿತ್ತಲ್ಲ? ಹೇಳು ಹೋಗು. ಈಗಿಂದೀಗ ಹೇಳು ನಿಮ್ಮತ್ತಿಗೆ."

"ಯಜಮಾನರು ಬೇಡ ಅಂದಿದ್ದಾರೆ."

"ನಂದು ವರ್ಷದ ದುಡಿಮಿ ಐತವ್ವಾ ಒಳಗ!"

ಅವತ್ತಿಂದ ನನ್ನ ಪ್ರಾಣ ತಿಂದರು. ಬಾವಿಗೆ ಹೋದರೆ ಅಲ್ಲಿ, ತಿಪ್ಪೆಗೆ ಹೋದರೆ ಅಲ್ಲಿ. "ಹೇಳಿದ್ಯಾ?" "ಇಲ್ಲ." "ಯಾವಾಗ ಹೇಳ್ತಿ?" ಬಾಯಲ್ಲಿ ಕೇಳದ ದಿನ ಕಣ್ಣಲ್ಲಿ ಕೇಳೋರು. ಗೌರಿ ಹಬ್ಬ ಹೋಯ್ತು. ಪಿತೃಪಕ್ಷ ಬಂತು. ನನಗೆ ಕಾಲು ಊದಿಕೊಂಡಿತು. ಈ ಕಡೆಯಿಂದ ಅತ್ತೆ, ಆ ಕಡೆಯಿಂದ ಮೇಷ್ಟ್ರು, ಒಳಗಿಂದ ಮಗು. ಯಾರು ಯಾವಾಗ ಒದೀತಾರೆ ಅಂತ ಗೊತ್ತಿಲ್ಲ.

ಆಯುಧಪೂಜೆಗೆ ಎರಡು ದಿನ ಇತ್ತು. ನಮ್ಮತ್ತೆ ಬಾವಿಕಟ್ಟೆ ಮೇಲೆ ಮನೆ ಪಾತ್ರೆಯೆಲ್ಲ ಹರಡಿಕೊಂಡು ಕೂತಿದ್ದಳು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಅವತ್ತು ಬೆಳಿಗ್ಗೆ ಚಿಕ್ಕಲಸಂದ್ರದ ತಮ್ಮ ಬಂದು ಮಜ್ಜಿಗೆ ಕುಡಿದು ಹೋಗಿದ್ದ. ಹೋಗೋವಾಗ, "ಏನಕ್ಕ, ಇವಳಿಗೆ ತುಂಬಿದ ಹಾಗಿದೆ, ನೋಡೋಣ ಏನಾಗುತ್ತೆ" ಅಂದಿದ್ದ. ಅದರ ಉರಿ ನಮ್ಮತ್ತೆ ಮೇಷ್ಟ್ರ ಮೇಲೆ ತೀರಿಸ್ತಿದ್ದಳು.

"ಆ ತಗಡಿನವನ ವಂಶ ಹಾಳಾಗ. ನೋಡ್ತಿರು, ಮಗುಗೆ ಒಂದು ಹೆಚ್ಚುಕಮ್ಮಿ ಆಗ್ಲಿ, ನಾನೇ ಮೊದಲು ಕಲ್ಲು ಎತ್ತಾಕೋದು."

ಅವಳ ಕೈಯಲ್ಲಿ ಅದೇ ಹರಿವಾಣ. ತಿಕ್ಕಿ ತಿಕ್ಕಿ ಅದರಲ್ಲಿ ಆಕಾಶ ಕಾಣ್ತಿತ್ತು. ನನಗೆ ಸಾಕಾಗಿ ಹೋಗಿತ್ತು.

"ಅತ್ತೆ, ಅವತ್ತಿನ ಬೆಳಕು ಅವರ ತಗಡಿಂದ ಬರ್ಲಿಲ್ಲ. ನಡುಗ್ತಿತ್ತು. ನಡುವೆ ಒನಕೆ ಗೆರೆ ಇತ್ತು. ನಿಮ್ಮ ಕಾಲು ತಗುಲಿ ಹರಿವಾಣ ಮಗುಚಿತಲ್ಲ, ಆವಾಗಲೇ ಹೋಯ್ತು."

ತಿಕ್ಕೋ ಕೈ ನಿಂತಿತು. ಹರಿವಾಣದ ಒಳಗೆ ನೋಡಿದಳು. ಬಾವಿ ಪಕ್ಕದಲ್ಲೇ ಇತ್ತು. ನಾನು ಒಂದು ಹೆಜ್ಜೆ ಹತ್ತಿರ ಹೋದೆ, ಹಿಡಿಯೋಕೆ ಬೇಕಾದೀತು ಅಂತ.

"ಯಾರಿಗೆ ಗೊತ್ತು?" ಅಂದಳು.

"ನಿಮ್ಮ ಮಗನಿಗೆ. ಮೇಷ್ಟ್ರಿಗೆ."

"ಮೇಷ್ಟ್ರಿಗೆ ಗೊತ್ತಾ? ಗೊತ್ತಿದ್ದೂ ಇಷ್ಟು ದಿನ ನನ್ನ ಬೈಗುಳ ತಿಂದ್ಕೊಂಡು ಸುಮ್ನಿದ್ರಾ?"

ಸುಮ್ಮನೆಲ್ಲಿದ್ದರು, ದಿನಾ ನನ್ನ ತಲೆ ತಿಂತಿದ್ದರು ಅಂತ ಹೇಳೋಕೆ ಬಾಯಿ ತೆಗೆದೆ. ಅವಳಿಗೆ ಕಿವಿ ಇರಲಿಲ್ಲ. ಹರಿವಾಣ ಬೋರಲು ಹಾಕಿ ಎದ್ದಳು. ಅವನು ಅಂತಿದ್ದವಳು ಅವರು ಅಂದಿದ್ದು ಅವತ್ತೇ.

"ಈಗಲೇ ಕೊಟ್ಟುಬಿಡಿ ಅತ್ತೆ. ಅವರಿಗೆ ಮದ್ರಾಸಿಗೆ ಹೊತ್ತಾಗುತ್ತೆ."

"ಹಂಗೇ ಹೆಂಗೆ ಕೊಡ್ಲಿ? ಹೆರಿಗೆ ಆಗ್ಲಿ. ಕೊಡೋ ಹಾಗೆ ಕೊಡ್ತೀನಿ."

ಅಷ್ಟೇ. ಬಾವಿಗೂ ಬೀಳಲಿಲ್ಲ, ಅಳಲೂ ಇಲ್ಲ. ಊಟ ಒಂದು ಹೊತ್ತಿಗೆ ಇಳಿಸಿದಳು. ಮಧ್ಯಾಹ್ನ ಆಯಿತು ಅಂದರೆ ಕಾಳಿನ ಕೋಣೆ ಸೇರಿಕೊಂಡು ಬಾಗಿಲು ಹಾಕಿಕೊಳ್ಳೋಳು. ಗೋಡೆ ಆಚೆಯಿಂದ ಸರ್ ಸರ್ ಅಂತ ಸದ್ದು ಬರೋದು. ಹಬ್ಬದ ಕೆಲಸ, ಸೇರು ಪಾವು ತಿಕ್ಕುತ್ತಿದ್ದಾಳೆ ಅಂದುಕೊಂಡೆ. ಹಬ್ಬ ಮುಗಿದ ಮೇಲೂ ಸದ್ದು ನಿಲ್ಲಲಿಲ್ಲ. ಆಗ ನನಗೆ ಅದನ್ನ ಯೋಚನೆ ಮಾಡೋ ಸ್ಥಿತಿ ಇರಲಿಲ್ಲ, ಸೊಂಟ ಹಿಡಿದುಕೊಂಡಿತ್ತು.

ಮೇಷ್ಟ್ರ ರೈಲು ಶುಕ್ರವಾರ. ಗುರುವಾರ ಬೆಳಕು ಹರಿಯೋ ಹೊತ್ತಿಗೆ ನನಗೆ ನೋವು ಶುರುವಾಯ್ತು. ಸೂಲಗಿತ್ತಿ ಹನುಮಕ್ಕನನ್ನ ಕರೆಸಿದರು. ಅಂಗಳ ಆಗಲೇ ತುಂಬಿತ್ತು. ಹೆಂಗಸರು ಮಾತ್ರ ಅಲ್ಲ, ಅವತ್ತು ದೊಣ್ಣೆ ಹಿಡಿದು ಬಂದಿದ್ದ ಗಂಡಸರೂ ಬಂದು ಬೇವಿನಮರದ ಕೆಳಗೆ ಬೀಡಿ ಹಚ್ಚಿಕೊಂಡು ಕೂತಿದ್ದರು. ಅವರೂ ಮಾತು ನೆನಪಿಟ್ಟುಕೊಂಡಿದ್ದರು. ಮೇಷ್ಟ್ರು ಕೊಟ್ಟಿಗೆ ಬಾಗಿಲಲ್ಲಿ ಎರಡೂ ಕೈ ಕಟ್ಟಿಕೊಂಡು ನಿಂತಿದ್ದರಂತೆ. ಯಾರೋ ಅವರಿಗೆ, "ಕೂತ್ಕೊಳಿ ಸಾರ್, ಎಲ್ಲಿಗೂ ಹೋಗೋ ಹಾಗಿಲ್ಲವಲ್ಲ" ಅಂದರಂತೆ.

ಹೆರಿಗೆ ವಿಷಯ ಬರೆಯೋಕೇನಿದೆ. ಹೆತ್ತವರಿಗೆ ಗೊತ್ತು, ಹೆರದವರಿಗೆ ಹೇಳಿ ಪ್ರಯೋಜನ ಇಲ್ಲ. ಮಗು ಹೊರಗೆ ಬಂತು. ಸದ್ದಿಲ್ಲ. ಹನುಮಕ್ಕ ಕಾಲು ಹಿಡಿದು ಬೆನ್ನಿಗೆ ಒಂದು ಕೊಟ್ಟಳು. ಸದ್ದಿಲ್ಲ. ಇನ್ನೊಂದು ಕೊಟ್ಟಳು. ಆಗ ಅತ್ತಿತು. ಗಂಡೋ ಹೆಣ್ಣೋ ಅಂತ ಯಾರೂ ಕೇಳಲಿಲ್ಲ. ನಮ್ಮತ್ತೆ ಬಾಗಿಲಾಚೆಯಿಂದ, "ತುಟಿ ನೋಡೇ ಹನುಮಿ, ತುಟಿ ನೋಡು!" ಅಂತ ಕೂಗಿದಳು.

ಹನುಮಕ್ಕ ಬೆರಳು ಹಾಕಿ ತುಟಿ, ವಸಡು, ಅಂಗುಳ ಎಲ್ಲಾ ಸವರಿ ನೋಡಿದಳು. "ನೆಟ್ಟಗಿದೆ ಕಣಕ್ಕ. ಹೆಣ್ಣು. ನಿನ್ನ ಥರಾನೇ ಬಾಯಿ, ದೊಡ್ಡದು."

ಅಂಗಳದಲ್ಲಿ ಗಂಡಸರು ಎದ್ದು ಪಂಚೆ ಕೊಡವಿಕೊಂಡು ಹೋದರು. ಒಬ್ಬಿಬ್ಬರಿಗೆ ಸ್ವಲ್ಪ ನಿರಾಸೆಯೇ ಆಗಿರಬೇಕು.

ಮಧ್ಯಾಹ್ನ ನನ್ನನ್ನ ತೊಳೆದು, ಸೊಂಟಕ್ಕೆ ಬಟ್ಟೆ ಬಿಗಿದು, ಮಗುವನ್ನ ಪಕ್ಕಕ್ಕೆ ಮಲಗಿಸಿದರು. ಗಾಳಿ ಆಡಲಿ ಅಂತ ಬಾಗಿಲು ತೆರೆದಿದ್ದರು. ಮಲಗಿದಲ್ಲಿಂದಲೇ ಅಂಗಳ ಕಾಣ್ತಿತ್ತು. ನಮ್ಮತ್ತೆ ಕಾಳಿನ ಕೋಣೆ ಬೀಗ ತೆಗೆದು ಒಂದೊಂದೇ ತಗಡು ಹೊತ್ತು ತಂದಳು. ಮಗ ಎತ್ತಿಕೊಡ್ತೀನಿ ಅಂದರೆ ಬೇಡ ಅಂದಳು. ಎದುರು ಗೋಡೆಗೆ ಸಾಲಾಗಿ ಒರಗಿಸಿದಳು. ಪ್ರತಿಯೊಂದರ ಮೂಲೆಗೂ ಅರಿಶಿನ ಕುಂಕುಮ ಇಟ್ಟಿದ್ದಳು.

ಏಳೂ ತಗಡು ಥಳಥಳ ಅಂತಿತ್ತು. ಮಸಿ ಇಲ್ಲ, ಅರಗಿಲ್ಲ, ಕಾಗೆಬಂಗಾರ ಇಲ್ಲ, ಆ ಹಸಿರು ನೀಲಿ ಒಂದು ಚೂರೂ ಇಲ್ಲ. ಮಂಜು ಬಿದ್ದ ಕೆರೆ ಯಾವುದು ಅಂತ ಹುಡುಕಿದೆ, ಸಿಗಲಿಲ್ಲ. ಸುತ್ತಿಗೆ ಗುರುತು ಬಿಟ್ಟರೆ ಎಲ್ಲಾ ಒಂದೇ ಥರ. ತಾಮ್ರದ್ದು ತಾಮ್ರ, ಹಿತ್ತಾಳೆಯದು ಹಿತ್ತಾಳೆ. ಬಿಸಿಲು ಅದಕ್ಕೆ ಹೊಡೆದು ನೇರ ನನ್ನ ಹಾಸಿಗೆಗೆ ಬಂತು. ಮಗು ಮುಖ ಕಿವುಚಿತು. ನಾನು ಸೆರಗು ಅಡ್ಡ ಹಿಡಿದೆ.

ಮೇಷ್ಟ್ರು ಕೊಟ್ಟಿಗೆಯಿಂದ ಓಡಿಕೊಂಡು ಬಂದವರು ಅಂಗಳದ ಮಧ್ಯಕ್ಕೆ ನಿಂತುಬಿಟ್ಟರು. ರೈಲಿಗೆ ಕಟ್ಟೋಕೆ ಅಂತ ಕೈಯಲ್ಲಿ ಹುರಿ ಹಗ್ಗ, ಹಳೆ ಕಂಬಳಿ ಹಿಡಿದಿದ್ದರು.

"ಗ್ರಹಣದ್ದು ಒಂದು ಚೂರೂ ಬಿಟ್ಟಿಲ್ಲ ಮೇಷ್ಟ್ರೇ" ಅಂದಳು ನಮ್ಮತ್ತೆ. ಅವಳ ದನಿ ಅಷ್ಟು ಮೆತ್ತಗೆ ನಾನು ಕೇಳಿರಲಿಲ್ಲ. "ನಿಮ್ಮನ್ನ ಸುಮ್ಮಸುಮ್ಮನೆ ಬೈದೆ. ತಪ್ಪು ನಂದೇ ಇತ್ತು, ಇವಳು ಹೇಳಿದಳು. ನನ್ನ ಕೈಲಾಗೋದು ಇದೊಂದೇ. ಕಿಲುಬು ಬಲೇ ಹಿಡಕೊಂಡಿತ್ತು, ಅರಗಂತೂ ಇಟ್ಟಿಗೆ ಪುಡಿ ಹಾಕದೆ ಬಿಡಲಿಲ್ಲ."

ಕೈ ಮುಂದೆ ಹಿಡಿದಳು. ಹುಣಸೆ ಹುಳಿಗೆ ಬೆರಳ ಸಂದಿಯೆಲ್ಲ ಒಡೆದು ಕೆಂಪಗಾಗಿತ್ತು.

ಮೇಷ್ಟ್ರು ಮೊದಲನೇ ತಗಡಿನ ಹತ್ತಿರ ಹೋಗಿ ಬೆರಳ ತುದಿ ಇಟ್ಟರು. ಎರಡನೆಯದು ನೋಡಿದರು. ಮೂರನೆಯದಕ್ಕೆ ಹೋಗಲಿಲ್ಲ. ಅದರಲ್ಲಿ ಅವರ ಮುಖ ಕಾಣ್ತಿತ್ತು, ನನಗೂ ಕಾಣ್ತಿತ್ತು. ಕನ್ನಡಕದ ಹಿಂದೆ ಕಣ್ಣು ಎಲ್ಲಿದೆ ಅಂತ ಗೊತ್ತಾಗದ ಹಾಗೆ ಆಗಿತ್ತು. ನಮ್ಮ ಯಜಮಾನರು ಏನೋ ತಪ್ಪಾಗಿದೆ ಅಂತ ಅರ್ಥ ಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬಂದರು. ಆ ಮನುಷ್ಯ ಹಗ್ಗ ಬಿಸಾಕಿ ಕಿರುಚುತ್ತಾನೆ, ಇಲ್ಲಾ ನಮ್ಮತ್ತೆಯ ಕತ್ತು ಹಿಡೀತಾನೆ ಅಂತಲೇ ನಾನೂ ಅಂದುಕೊಂಡೆ. ಹಿಡಿದಿದ್ದರೆ ತಪ್ಪು ಅನ್ನೋ ಹಾಗಿರಲಿಲ್ಲ.

ಅವರು ನಮ್ಮತ್ತೆಯ ಕೈ ನೋಡಿದರು.

"ಭಾಳ ಛಲೋ ತಿಕ್ಕೀರಿ, ಅವ್ವಾ" ಅಂದರು.

ನಮ್ಮತ್ತೆಯ ಮುಖ ಅರಳಿತು. ಅವಳು ಒಳಗೆ ಹೋಗಿ ದಾರಿಗೆ ಅಂತ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದಳು. ಮೇಷ್ಟ್ರು ಅಷ್ಟರೊಳಗೆ ಬಾಗಿಲಿಗೆ ಬಂದು, ಹೊಸ್ತಿಲಾಚೆಯಿಂದ ಮಗುವನ್ನ ನೋಡಿದರು. "ಕೂಸು ಛಲೋ ಐತಿ?" ಅಂದರು. "ಚೆನ್ನಾಗಿದೆ" ಅಂದೆ. ಹೇಳು ಹೇಳು ಅಂತ ನನ್ನ ಬೆನ್ನು ಹತ್ತಿದ್ದು ಅವರೇ. ಅದನ್ನ ಅವರೂ ಯೋಚನೆ ಮಾಡ್ತಿದ್ದರು, ನಾನೂ ಮಾಡ್ತಿದ್ದೆ. ಇಬ್ಬರೂ ಎತ್ತಲಿಲ್ಲ.

ತಗಡುಗಳನ್ನ ಕಂಬಳಿ ಸುತ್ತಿ ಗಾಡಿಗೆ ಹಾಕಿಕೊಂಡು ಹೋದರು. ಮದ್ರಾಸಿಗೆ ಹೋದರೋ, ಗುಜರಿಗೆ ಹಾಕಿದರೋ, ಊರಿಗೆ ವಾಪಸು ಹೋದರೋ ಗೊತ್ತಿಲ್ಲ. ಮತ್ತೆ ಸಾರಕ್ಕಿ ಕಡೆ ಬರಲಿಲ್ಲ. ಅವರ ಹೆಸರು ಎಲ್ಲಾದರೂ ಕೇಳಿಬಂತಾ ಅಂದರೆ ಅದೂ ಇಲ್ಲ. ನಾನು ಕೇಳೋ ಜಾಗಗಳಲ್ಲಿ ಆ ಥರದ ಹೆಸರುಗಳು ಬರೋದೂ ಇಲ್ಲ. ಚಿಕ್ಕಲಸಂದ್ರದ ತಮ್ಮ ಮಜ್ಜಿಗೆಗೆ ಬರೋದು ಬಿಟ್ಟ. ಮಗಳು ಬೆಳೆದಳು. ಈಗ ಅವಳಿಗೇ ಮಂಡಿ ನೋವು. ಬಾಯಿ ಮಾತ್ರ ಹನುಮಕ್ಕ ಹೇಳಿದ ಹಾಗೇ ಇದೆ.

ನಮ್ಮತ್ತೆ ಅದಾದ ಮೇಲೆ ಬಹಳ ವರ್ಷ ಬದುಕಿದ್ದಳು. ಮನೆಗೆ ನೆಂಟರು ಬಂದು ಹಂಡೆ ಹೊಳೆಯೋದು ನೋಡಿ ಏನಾದರೂ ಅಂದರೆ ಸಾಕು, ಶುರು ಮಾಡೋಳು. "ಇದೇನು ಮಹಾ. ಧಾರವಾಡದ ಮೇಷ್ಟ್ರದ್ದು ಏಳು ತಗಡು ತಿಕ್ಕಿಕೊಟ್ಟಿದ್ದೀನಿ ನಾನು. ಓದಿದ ಮನುಷ್ಯ, ಅವರೇ ಬಾಯಿ ಬಿಟ್ಟು ಹೇಳಿದ್ರು, ಬಹಳ ಚೆನ್ನಾಗಿ ತಿಕ್ಕಿದ್ದೀರಿ ಅಂತ. ಅಲ್ವೇನೇ ನಂಜಿ?"

"ಹೌದು ಅತ್ತೆ, ಹೇಳಿದ್ರು" ಅಂತಿದ್ದೆ. ಅವಳಿಗೆ ಒಂದು ಸಲ ನಿಜ ಹೇಳಿ ನೋಡಿದ್ದೆ. ಇನ್ನೊಂದು ಸಲ ಹೇಳೋಕೆ ಹೋಗಲಿಲ್ಲ.